ಗುಳಿಗೆ ಬಿಟ್ಟು ಧ್ಯಾನಕ್ಕೆ ಹೋಗುತ್ತೇನೆ ಅನ್ನುತ್ತಾನೆ ಮಗ: ಬೌದ್ಧಧರ್ಮ ನಿಜಕ್ಕೂ ವಿಜ್ಞಾನವೇ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಾನು ಗದಗ ಜಿಲ್ಲೆಯ ಮುಂಡರಗಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಗನಿಗೆ 22 ವರ್ಷ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಪರೀಕ್ಷೆಯ ಹೊತ್ತಿಗೆ ಅವನಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುವುದು, ಕೈಕಾಲು ನಡುಗುವುದು, ಈಗಲೇ ಸತ್ತು ಹೋಗುತ್ತೇನೆ ಅನ್ನುವ ಹೆದರಿಕೆ ಶುರುವಾಯಿತು. ಹೃದಯದ ತಪಾಸಣೆಯೆಲ್ಲ ಸರಿಯಾಗಿಯೇ ಬಂತು. ಮನೋವೈದ್ಯರು ಎಸಿಟಲೋಪ್ರಾಮ್ 10 ಮಿಲಿಗ್ರಾಂ ಕೊಟ್ಟರು. ಐದು ತಿಂಗಳಾಯಿತು, ಮೂರು ತಿಂಗಳಿಂದ ಆರಾಮ ಇದ್ದಾನೆ. ಈಗ ಗೆಳೆಯರ ಜೊತೆ 10 ದಿನದ ಮೌನ ಶಿಬಿರಕ್ಕೆ ಹೋಗುತ್ತೇನೆ, ಗುಳಿಗೆ ಬಿಡುತ್ತೇನೆ ಅನ್ನುತ್ತಾನೆ. "ಅಪ್ಪಾ, ಬೌದ್ಧಧರ್ಮ ಧರ್ಮವೇ ಅಲ್ಲ, ವಿಜ್ಞಾನ. ಐನ್‌ಸ್ಟೈನ್ ಒಪ್ಪಿದ್ದಾನೆ. ಕ್ವಾಂಟಂ ಭೌತಶಾಸ್ತ್ರ ಶೂನ್ಯತೆಯನ್ನು ಸಾಬೀತು ಮಾಡಿದೆ. ಧ್ಯಾನದಿಂದ ಮೆದುಳೇ ಬದಲಾಗುತ್ತದೆ, ಮತ್ತೆ ಗುಳಿಗೆ ಯಾಕೆ" ಅಂತ ವಾದ ಮಾಡುತ್ತಾನೆ. ವಿಜ್ಞಾನದ ಮಾಸ್ತರ ಆಗಿಯೂ ನನಗೆ ಉತ್ತರ ಹೊಳೆಯುತ್ತಿಲ್ಲ. ಹುಡುಗ ಸನ್ಯಾಸಿಯಾಗಿ ಹೋಗಿಬಿಡುತ್ತಾನೇನೋ ಅಂತ ಅವನ ಅವ್ವ ಅಳುತ್ತಾಳೆ. ಇದರಲ್ಲಿ ನಿಜ ಎಷ್ಟು?

ಉತ್ತರ: ಸರ್, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಬೌದ್ಧಧರ್ಮ ವಿಜ್ಞಾನವೇ ಅನ್ನುವುದು ಒಂದು, ಮಗ ಗುಳಿಗೆ ಬಿಡಬಹುದೇ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಿಧಾನಕ್ಕೆ ಮಾತಾಡಬಹುದು. ಎರಡನೆಯದಕ್ಕೆ ಉತ್ತರ ಈಗಲೇ ಬೇಕು: ಗುಳಿಗೆ ಈಗ ಬಿಡಬಾರದು, ತಾನಾಗಿ ಒಮ್ಮೆಲೇ ಅಂತೂ ಬಿಡಲೇಬಾರದು. ಇದನ್ನು ಇವತ್ತೇ ಅವನಿಗೆ ಫೋನ್ ಮಾಡಿ ಹೇಳಿ. ಆಮೇಲೆ ಮುಂದೆ ಓದಿ.

ನಾನು ಧಾರವಾಡದಲ್ಲಿ ಇಪ್ಪತ್ತು ವರ್ಷದಿಂದ ಮನೋವೈದ್ಯನಾಗಿ ಕೆಲಸ ಮಾಡುತ್ತಿದ್ದೇನೆ. ಬೌದ್ಧ ಗ್ರಂಥಗಳನ್ನು ಪ್ರೀತಿಯಿಂದ ಓದಿದ್ದೇನೆ, ಬೆಳಿಗ್ಗೆ ಅರ್ಧ ತಾಸು ಧ್ಯಾನಕ್ಕೆ ಕೂರುತ್ತೇನೆ. ಹಾಗಾಗಿ ನಿಮ್ಮ ಮಗನ ಮಾತು ನನಗೆ ಹುಚ್ಚಾಟ ಅನ್ನಿಸುವುದಿಲ್ಲ. ಅವನು ಹೇಳುತ್ತಿರುವುದರಲ್ಲಿ ಒಂದಷ್ಟು ನಿಜ ಇದೆ, ಅದರ ಮೇಲೆ ಸುಮಾರು ಸುಳ್ಳು ಕೂತಿದೆ. ಎರಡನ್ನೂ ಬೇರೆ ಮಾಡೋಣ.

ಐನ್‌ಸ್ಟೈನ್ ಮಾತು ಬೇಗ ಮುಗಿಯುತ್ತದೆ. ಆಧುನಿಕ ವಿಜ್ಞಾನಕ್ಕೆ ಹೊಂದುವ ಧರ್ಮ ಯಾವುದಾದರೂ ಇದ್ದರೆ ಅದು ಬೌದ್ಧಧರ್ಮ ಅಂತ ಅವರ ಹೆಸರಲ್ಲಿ ಓಡಾಡುವ ಮಾತು ಅವರ ಬರಹಗಳಲ್ಲಿ ಎಲ್ಲೂ ಸಿಕ್ಕಿಲ್ಲ. 1930ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ವಿಶ್ವದ ಮುಂದೆ ನಿಂತಾಗ ಹುಟ್ಟುವ ಒಂದು ಬೆರಗಿನ ಭಾವ ಬೌದ್ಧಧರ್ಮದಲ್ಲಿ ಹೆಚ್ಚು ಗಟ್ಟಿಯಾಗಿದೆ ಅಂತ ಬರೆದರು. ಅದೂ ಜರ್ಮನಿಯ ತತ್ವಜ್ಞಾನಿ ಶೋಪೆನ್‌ಹೌವರ್ ಬರಹದಿಂದ ತಿಳಿದದ್ದು ಅಂತ ಅವರೇ ಹೇಳಿದ್ದಾರೆ. ಅಷ್ಟೇ ಇರುವುದು.

ಹಾಗಾದರೆ ಬೌದ್ಧಧರ್ಮ ಅಂದರೆ ವಿಜ್ಞಾನ ಅನ್ನುವ ಮಾತು ಎಲ್ಲಿಂದ ಬಂತು? ಅದಕ್ಕೊಂದು ಕಥೆಯಿದೆ. ಬ್ರಿಟಿಷರ ಕಾಲದ ಸಿಂಹಳದಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಪಾದ್ರಿಗಳು ಬೌದ್ಧರನ್ನು ಮೂಢರು, ವಿಗ್ರಹ ಪೂಜೆ ಮಾಡುವವರು ಅಂತ ಜರೆಯುತ್ತಿದ್ದರು. 1873ರಲ್ಲಿ ಪಾನದುರಾ ಅನ್ನುವ ಊರಿನಲ್ಲಿ ಒಬ್ಬ ಭಿಕ್ಷುವಿಗೂ ಪಾದ್ರಿಗಳಿಗೂ ಜನರ ಮುಂದೆ ದೊಡ್ಡ ವಾದವೇ ನಡೆಯಿತು. ಇಪ್ಪತ್ತು ವರ್ಷದ ನಂತರ, 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ, ನಮ್ಮ ವಿವೇಕಾನಂದರು ಮಾತಾಡಿದ ಅದೇ ವೇದಿಕೆಗೆ, ಸಿಂಹಳದಿಂದ ಅನಾಗಾರಿಕ ಧರ್ಮಪಾಲರು ಹೋಗಿದ್ದರು. ಬುದ್ಧನ ಕಾರ್ಯಕಾರಣದ ಮಾತು ಹೊಸ ವಿಜ್ಞಾನಕ್ಕೆ ಒಪ್ಪುತ್ತದೆ ಅಂತ ಅವರು ಹೇಳಿದರು. ಸೋಲಿಸಲು ಬಂದವರ ಕೈಯಲ್ಲಿದ್ದ ದೊಡ್ಡ ಆಯುಧವೇ ವಿಜ್ಞಾನ. ಅದು ನಮ್ಮ ಕಡೆಗೂ ಇದೆ ಅಂತ ತೋರಿಸಲೇಬೇಕಾಗಿತ್ತು. ಅವಮಾನಕ್ಕೆ ಕೊಟ್ಟ ಉತ್ತರ ಅದು, ಮತ್ತು ಆ ಕಾಲಕ್ಕೆ ಅದು ಬೇಕಾಗಿತ್ತು.

ಬಾಬಾಸಾಹೇಬ ಅಂಬೇಡ್ಕರರ ದಾರಿ ಬೇರೆ. ಧರ್ಮ ಉಳಿಯಬೇಕಾದರೆ ಅದು ವಿಚಾರಕ್ಕೆ, ಅಂದರೆ ವಿಜ್ಞಾನಕ್ಕೆ, ಒಪ್ಪಬೇಕು ಅಂತ ಅವರು 1950ರಲ್ಲೇ ಬರೆದಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡರು. ಆದರೆ ಗ್ರಂಥದಲ್ಲಿದ್ದದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಲಿಲ್ಲ. ಮುದುಕ, ರೋಗಿ, ಹೆಣ ಕಂಡು ಸಿದ್ಧಾರ್ಥ ಮನೆ ಬಿಟ್ಟ ಅನ್ನುವ ಕಥೆಯನ್ನೇ ಅವರು ನಂಬಲಿಲ್ಲ. 29 ವರ್ಷದ ಮನುಷ್ಯ ಅಲ್ಲಿಯವರೆಗೆ ಇದನ್ನೆಲ್ಲ ನೋಡದೆ ಇರಲು ಹೇಗೆ ಸಾಧ್ಯ ಅನ್ನುವುದು ಅವರ ಪ್ರಶ್ನೆ. ಜರಡಿ ಹಿಡಿದು ತೆಗೆದುಕೊಂಡವರು ಅವರು. ನಿಮ್ಮ ಮಗ ವಿಡಿಯೋಗಳನ್ನೂ ಹಾಗೇ ಜರಡಿ ಹಿಡಿದು ನೋಡಲಿ ಅನ್ನುವುದು ನನ್ನ ಆಸೆ.

ಇನ್ನು ಬುದ್ಧನ ಮಾತಿಗೇ ಬರೋಣ. ಕಾಲಾಮರು ಅನ್ನುವ ಜನರಿಗೆ ಹೇಳಿದ ಸುತ್ತವನ್ನು, ಅಂದರೆ ಉಪದೇಶವನ್ನು, ನಿಮ್ಮ ಮಗ ಖಂಡಿತ ಕೇಳಿರುತ್ತಾನೆ. ಕೇಸಪುತ್ತ ಅನ್ನುವ ಊರಿನ ಈ ಜನ ಬುದ್ಧನ ಹತ್ತಿರ ಬಂದು, ಒಬ್ಬೊಬ್ಬ ಗುರು ಒಂದೊಂದು ಹೇಳುತ್ತಾನೆ, ಯಾರನ್ನು ನಂಬಲಿ ಅಂತ ಕೇಳುತ್ತಾರೆ. ಹಿಂದಿನವರು ಹೇಳಿದರು ಅಂತ, ಗ್ರಂಥದಲ್ಲಿದೆ ಅಂತ, ಗುರು ದೊಡ್ಡವನು ಅಂತ ಒಪ್ಪಬೇಡಿ ಅನ್ನುತ್ತಾನೆ ಬುದ್ಧ. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಆದರೆ ಅದೇ ಉಸಿರಿನಲ್ಲಿ, ಬರೀ ತರ್ಕಕ್ಕೆ ಕೂಡಿತು ಅಂತಲೂ ಒಪ್ಪಬೇಡಿ ಅನ್ನುತ್ತಾನೆ. ಮತ್ತೆ ಅಳತೆಗೋಲು ಯಾವುದು? ಇದರಿಂದ ನನ್ನಲ್ಲಿ ಲೋಭ, ದ್ವೇಷ, ಮೋಹ ಹೆಚ್ಚುತ್ತವೆಯೋ ಕಡಿಮೆಯಾಗುತ್ತವೆಯೋ, ತಿಳಿದವರು ಇದನ್ನು ತೆಗಳುತ್ತಾರೋ ಹೊಗಳುತ್ತಾರೋ, ಇದು ಕೇಡು ತರುತ್ತದೋ ಒಳಿತು ತರುತ್ತದೋ, ಅದನ್ನು ನೋಡಿ ಅನ್ನುತ್ತಾನೆ. ನೀವು ಶಾಲೆಯಲ್ಲಿ ಲೋಲಕದ ಪ್ರಯೋಗ ಮಾಡಿಸುವಾಗ ಹುಡುಗರಿಗೆ ಇದನ್ನು ಕೇಳುವುದಿಲ್ಲ ಅಲ್ವಾ? ಎರಡೂ ಕಡೆ ಪರೀಕ್ಷೆ ಇದೆ. ಬುದ್ಧ ಪರೀಕ್ಷೆಗೆ ಇಡುವುದು ಬದುಕುವ ರೀತಿಯನ್ನು, ವಿಜ್ಞಾನ ಇಡುವುದು ಜಗತ್ತು ನಡೆಯುವ ರೀತಿಯನ್ನು. ಒಬ್ಬನ ಒಳಗಿನ ಅನುಭವಕ್ಕೆ ಅಲ್ಲಿ ಬೆಲೆ ಜಾಸ್ತಿ. ಇಲ್ಲಿ ಬೇರೆ ಯಾರು ಮಾಡಿದರೂ ಅದೇ ಫಲ ಬರಬೇಕು.

ಹಳೆಯ ಬೌದ್ಧ ಗ್ರಂಥಗಳಲ್ಲಿ ಪರಮಾಣುವಿನ ಚರ್ಚೆ ಇರುವುದು ನಿಜ. ವಸುಬಂಧು ಅನ್ನುವ ಬೌದ್ಧ ಪಂಡಿತ ಅದನ್ನು ವಿವರವಾಗಿ ಬರೆದಿದ್ದಾನೆ, ಮತ್ತೊಂದು ಕೃತಿಯಲ್ಲಿ ಪರಮಾಣು ಅನ್ನುವುದೇ ತರ್ಕಕ್ಕೆ ನಿಲ್ಲುವುದಿಲ್ಲ ಅಂತ ಖಂಡಿಸಿಯೂ ಇದ್ದಾನೆ. ಅದು ಚಿಂತನೆ, ಪ್ರಯೋಗ ಅಲ್ಲ. ಅದೇ ಪರಂಪರೆ ಜಗತ್ತಿನ ನಡುವೆ ಮೇರು ಪರ್ವತ ಇದೆ, ಸೂರ್ಯ ಚಂದ್ರರು ಅದರ ಸುತ್ತ ತಿರುಗುತ್ತಾರೆ ಅಂತಲೂ ಹೇಳಿತು. ಅದು ತಪ್ಪು ಅಂತ ನಿಮ್ಮ ಎಂಟನೇ ಕ್ಲಾಸಿನ ಹುಡುಗನಿಗೂ ಗೊತ್ತು. ದಲೈ ಲಾಮಾ ಅವರೇ ಈ ಮೇರುವಿನ ಚಿತ್ರವನ್ನು ಬಿಟ್ಟರು. ಬೌದ್ಧಧರ್ಮದ ಯಾವುದಾದರೂ ಮಾತು ತಪ್ಪು ಅಂತ ವಿಜ್ಞಾನ ಖಚಿತವಾಗಿ ತೋರಿಸಿದರೆ ಆ ಮಾತನ್ನು ಬಿಡಬೇಕು ಅಂತ 2005ರಲ್ಲಿ ಬರೆದರು. ಇದು ದೊಡ್ಡ ಮಾತು. ಆದರೆ ಪುನರ್ಜನ್ಮವನ್ನು ಅವರು ಬಿಟ್ಟಿಲ್ಲ, ಪ್ರಜ್ಞೆ ಅಂದರೆ ಬರೀ ಮೆದುಳಿನ ಕೆಲಸ ಅಂತಲೂ ಒಪ್ಪಿಲ್ಲ. ಅದು ಅವರ ನಂಬಿಕೆ, ನಂಬಿಕೆಯಾಗಿಯೇ ಅದಕ್ಕೆ ಗೌರವ ಕೊಡಬಹುದು. ಎಲ್ಲವನ್ನೂ ವಿಜ್ಞಾನ ಅಂತ ಕರೆಯುವ ಅಗತ್ಯ ಇಲ್ಲ.

ನಿಮ್ಮ ಮುಂಡರಗಿ ಕಡೆಯ ಡಂಬಳವನ್ನೇ ತೆಗೆದುಕೊಳ್ಳಿ. ಆರನೇ ವಿಕ್ರಮಾದಿತ್ಯನ ಕಾಲದ, 1095ರ ಶಾಸನವೊಂದು ಅಲ್ಲಿದೆ. ಊರಿನ ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಗೂ ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ತಾರೆ ಅಂದರೆ ದಾರಿಯ ಗಂಡಾಂತರಗಳಿಂದ ಕಾಯುವವಳು ಅಂತ ಬೌದ್ಧರ ನಂಬಿಕೆ. ಸರಕು ಹೇರಿಕೊಂಡು ದೂರದ ಊರಿಗೆ ಹೋಗುವ ವ್ಯಾಪಾರಿಗೆ ಅಂಥ ದೇವಿ ಬೇಕಾಗಿದ್ದದ್ದು ಸಹಜ. ನಮ್ಮ ನೆಲದಲ್ಲಿ ಬೌದ್ಧಧರ್ಮ ಬಾಳಿದ್ದು ಹೀಗೆ, ಭಕ್ತಿಯಾಗಿ, ದಾನವಾಗಿ, ಕೈಮುಗಿಯುವ ಧರ್ಮವಾಗಿ. ಅದು ಧರ್ಮವೇ ಅಲ್ಲ ಅಂದರೆ ಆ ಹದಿನಾರು ಜನರನ್ನು ಮರೆತಂತೆ.

ಕ್ವಾಂಟಂ ವಿಷಯ ನೀವು ನನಗಿಂತ ಚೆನ್ನಾಗಿ ಹೇಳಬಲ್ಲಿರಿ. ನೋಡಿದರೆ ಕಣದ ಸ್ಥಿತಿ ಬದಲಾಗುತ್ತದೆ ಅನ್ನುತ್ತಾರಲ್ಲ, ಅಲ್ಲಿ ನೋಡುವುದು ಅಂದರೆ ಅಳೆಯುವುದು, ಅದಕ್ಕೆ ಉಪಕರಣ ಸಾಕು, ಧ್ಯಾನಿಸುವ ಮನಸ್ಸು ಬೇಕಿಲ್ಲ. ಬೌದ್ಧ ಚಿಂತಕ ನಾಗಾರ್ಜುನನ ಶೂನ್ಯತೆ ಅಂದರೆ ಏನೂ ಇಲ್ಲ ಅಂತಲ್ಲ, ಯಾವುದೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ, ಎಲ್ಲವೂ ಇನ್ನೊಂದರ ಆಸರೆಯಲ್ಲಿದೆ ಅಂತ. ಅಲ್ಲಮನ ಬಯಲನ್ನು ಯಾರೂ ನಿರ್ವಾತ ಪಂಪು ಹಚ್ಚಿ ಹುಡುಕುವುದಿಲ್ಲ. ಹುಡುಕದಿದ್ದರೆ ಅದರ ಬೆಲೆ ಕಡಿಮೆಯಾಗುವುದೂ ಇಲ್ಲ. ಶೂನ್ಯತೆಯದ್ದೂ ಹಾಗೇ.

ಈಗ ಧ್ಯಾನಕ್ಕೆ ಬರುತ್ತೇನೆ. ಬೌದ್ಧಧರ್ಮ ಮತ್ತು ವಿಜ್ಞಾನ ನಿಜವಾಗಿ ಭೇಟಿಯಾಗಿರುವ ಜಾಗ ಇದೊಂದೇ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಬೌದ್ಧ ಧ್ಯಾನದಿಂದ ಕೆಲವು ಅಭ್ಯಾಸ ತೆಗೆದುಕೊಂಡು, ಧರ್ಮದ ಭಾಗವನ್ನು ಬದಿಗಿಟ್ಟು, ಎಂಟು ವಾರದ ತರಬೇತಿ ಶುರು ಮಾಡಿದರು. ಅಲ್ಲಿಂದ ಸಂಶೋಧನೆ ಬೆಳೆಯಿತು. 2014ರಲ್ಲಿ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಮಾಹಿತಿಯನ್ನು, ಒಟ್ಟಿಗೆ ಇಟ್ಟು ನೋಡಿದರು. ಆತಂಕ, ಖಿನ್ನತೆ, ನೋವು ಇವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತವೆ ಅಂತ ಕಂಡಿತು. ಆದರೆ ಔಷಧಕ್ಕಿಂತ, ವ್ಯಾಯಾಮಕ್ಕಿಂತ ಮೇಲು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. 2022ರಲ್ಲಿ ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಅರ್ಧ ಜನರಿಗೆ ಆ ಎಂಟು ವಾರದ ಧ್ಯಾನ, ಇನ್ನರ್ಧ ಜನರಿಗೆ ನಿಮ್ಮ ಮಗ ತೆಗೆದುಕೊಳ್ಳುವ ಅದೇ ಎಸಿಟಲೋಪ್ರಾಮ್ ಕೊಟ್ಟು ಹೋಲಿಸಿದರು. ಎರಡೂ ಹೆಚ್ಚುಕಡಿಮೆ ಸಮ ಬಂದವು. ನಿಮ್ಮ ಮಗನಿಗೆ ಇದು ಗೊತ್ತಾದರೆ "ನೋಡಿ, ನಾನು ಹೇಳಿದ್ದೇ ಸರಿ" ಅನ್ನುತ್ತಾನೆ. ಅವನಿಗೆ ಒಂದು ಪ್ರಶ್ನೆ ಕೇಳಿ: ಆ ಜನ ಏನು ಮಾಡಿದರು? ವಾರಕ್ಕೊಂದು ಕ್ಲಾಸಿಗೆ ಹೋದರು, ದಿನಾ ಮನೆಯಲ್ಲಿ ಮುಕ್ಕಾಲು ತಾಸು ಅಭ್ಯಾಸ ಮಾಡಿದರು, ತಜ್ಞರು ಅವರನ್ನು ನೋಡುತ್ತಿದ್ದರು. ಗುಣ ತಂದ ಗುಳಿಗೆಯನ್ನು ನಡುವೆ ಎಸೆದು ದಿನಕ್ಕೆ ಹತ್ತು ತಾಸು ಮೌನವಾಗಿ ಕೂತವರ ಮೇಲೆ ಮಾಡಿದ ಪ್ರಯೋಗ ಅಲ್ಲ ಅದು.

ಮೆದುಳು ಬದಲಾಗುತ್ತದೆ ಅನ್ನುವುದರ ಬಗ್ಗೆಯೂ ಒಂದು ಮಾತು. ಹತ್ತು ಸಾವಿರ ತಾಸಿಗಿಂತ ಹೆಚ್ಚು ಧ್ಯಾನ ಮಾಡಿದ ಎಂಟು ಜನ ಬೌದ್ಧ ಸಾಧಕರ ಮೆದುಳಿನ ಅಲೆಗಳಲ್ಲಿ 2004ರಲ್ಲಿ ದೊಡ್ಡ ವ್ಯತ್ಯಾಸ ಕಂಡದ್ದು ನಿಜ. ಆದರೆ ಎಂಟು ವಾರದ ತರಬೇತಿಯಿಂದ ಮೆದುಳಿನ ರಚನೆ ಬದಲಾಗುತ್ತದೆಯೇ ಅಂತ 2022ರಲ್ಲಿ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಹುಡುಕಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಪತ್ರಿಕೆಗಳಲ್ಲಿ ಮೊದಲನೆಯದು ಓಡಾಡಿತು, ಎರಡನೆಯದು ಅಷ್ಟು ಓಡಾಡಲಿಲ್ಲ.

ಧ್ಯಾನದಿಂದ ತೊಂದರೆಯೂ ಆಗಬಹುದು ಅನ್ನುವುದನ್ನು ಬಹಳ ಜನ ಒಪ್ಪುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಹಾವೇರಿ ಕಡೆಯ ಒಬ್ಬ ಹುಡುಗನನ್ನು ಅಣ್ಣ ಕರೆದುಕೊಂಡು ಬಂದಿದ್ದ. ದೀರ್ಘ ಮೌನ ಶಿಬಿರದ ಏಳನೇ ದಿನದಿಂದ ನಿದ್ದೆ ಹೋಗಿತ್ತು, ತನ್ನ ಕೈ ತನ್ನದಲ್ಲ ಅನ್ನಿಸುತ್ತಿತ್ತು, ಗಾಜಿನ ಆಚೆಯಿಂದ ಜಗತ್ತನ್ನು ನೋಡಿದ ಹಾಗೆ ಆಗುತ್ತಿತ್ತು. ಅವನೂ ಹೋಗುವ ಮುಂಚೆ ಗುಳಿಗೆ ಬಿಟ್ಟಿದ್ದ, ಫಾರ್ಮಿನಲ್ಲಿ ಅದನ್ನು ಬರೆದಿರಲಿಲ್ಲ. ನಾಲ್ಕು ತಿಂಗಳು ಬೇಕಾಯಿತು ಸರಿಹೋಗಲು. ಇಂಥದ್ದು ಅವನೊಬ್ಬನಿಗೇ ಆದದ್ದಲ್ಲ. 83 ಅಧ್ಯಯನಗಳನ್ನು ಕೂಡಿಸಿ ನೋಡಿದ 2020ರ ಒಂದು ಪರಿಶೀಲನೆಯಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಧ್ಯಾನದಿಂದ ಏನಾದರೊಂದು ತೊಂದರೆ ಆಗಿದೆ ಅಂತ ಸಿಕ್ಕಿತು. ಹೆಚ್ಚಾಗಿ ಆತಂಕ ಮತ್ತು ಖಿನ್ನತೆಯೇ.

ಇದು ಬೌದ್ಧರಿಗೆ ಹೊಸ ಸುದ್ದಿಯಲ್ಲ, ಅದೇ ನನಗೆ ಆಶ್ಚರ್ಯ ಮತ್ತು ಗೌರವ ಎರಡನ್ನೂ ಹುಟ್ಟಿಸುವುದು. ವೈಶಾಲಿಯಲ್ಲಿ ಬುದ್ಧ ಭಿಕ್ಷುಗಳಿಗೆ ದೇಹದ ಅಶುಭವನ್ನು, ಅಂದರೆ ಅದರ ಕೊಳಕನ್ನು, ಧ್ಯಾನಿಸಲು ಹೇಳಿ ಹದಿನೈದು ದಿನ ಏಕಾಂತಕ್ಕೆ ಹೋಗುತ್ತಾನೆ. ತಿರುಗಿ ಬಂದು ನೋಡಿದರೆ ಭಿಕ್ಷುಗಳ ಸಂಖ್ಯೆ ಇಳಿದಿದೆ. ತಮ್ಮ ದೇಹದ ಮೇಲೆಯೇ ಹೇಸಿಗೆ ಹುಟ್ಟಿ ಎಷ್ಟೋ ಜನ ಪ್ರಾಣ ಬಿಟ್ಟಿದ್ದಾರೆ. ಆಗ ಬುದ್ಧ ಆ ಅಭ್ಯಾಸದ ಬದಲು ಉಸಿರನ್ನು ಗಮನಿಸುವ ಧ್ಯಾನ ಕಲಿಸುತ್ತಾನೆ. ಈ ಕಥೆಯನ್ನು ಅವರು ಮುಚ್ಚಿಡಲಿಲ್ಲ, ಸುತ್ತದಲ್ಲೇ ಉಳಿಸಿಕೊಂಡರು. ಯಾವ ಮನಸ್ಸಿಗೆ ಯಾವ ಅಭ್ಯಾಸ, ಎಷ್ಟು, ಅನ್ನುವುದು ಔಷಧದ ಹಾಗೇ ಮುಖ್ಯ ಅಂತ ಅವರಿಗೆ ಗೊತ್ತಿತ್ತು. ಸೋಣ ಅನ್ನುವ ಭಿಕ್ಷು ಕಾಲಲ್ಲಿ ರಕ್ತ ಬರುವವರೆಗೆ ನಡೆದಾಡುತ್ತಾ ಸಾಧನೆ ಮಾಡಿ ಸೋತಾಗ, ನೀನು ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ಬಹಳ ಬಿಗಿದರೆ ಸ್ವರ ಬರುತ್ತಿತ್ತಾ, ಬಹಳ ಸಡಿಲಿಸಿದರೆ ಬರುತ್ತಿತ್ತಾ ಅಂತ ಬುದ್ಧ ಕೇಳುತ್ತಾನೆ. ಧಾರವಾಡದಲ್ಲಿ ತಂಬೂರಿ ಶ್ರುತಿ ಮಾಡುವುದನ್ನು ಒಮ್ಮೆ ಕೂತು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಬುದ್ಧ ಔಷಧದ ವಿರೋಧಿಯೂ ಅಲ್ಲ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕದಲ್ಲಿ ಔಷಧಗಳಿಗೇ ಒಂದು ಪೂರ್ತಿ ಅಧ್ಯಾಯ ಇದೆ. ಜೀವಕ ಅನ್ನುವ ವೈದ್ಯ ಬುದ್ಧನಿಗೂ ಸಂಘಕ್ಕೂ ಚಿಕಿತ್ಸೆ ಮಾಡುತ್ತಿದ್ದ. ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧನೇ ಆನಂದನ ಜೊತೆ ಸೇರಿ ತೊಳೆದು ಮಲಗಿಸಿದ. ರೋಗ ಬಂದರೆ ಧ್ಯಾನ ಸಾಕು, ಔಷಧ ಬಿಡು ಅಂತ ಅವನು ಕಲಿಸಲಿಲ್ಲ. ಮಗನ ಜೊತೆ ಮಾತಾಡುವಾಗ ಇದನ್ನು ಮರೆಯದೆ ಹೇಳಿ.

ಈಗ ಗುಳಿಗೆ. ಎಸಿಟಲೋಪ್ರಾಮ್ ಚಟ ಹತ್ತಿಸುವ ಔಷಧ ಅಲ್ಲ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಮೆದುಳಿಗೆ ಹೊಂದಿಕೊಳ್ಳಲು ಹೊತ್ತು ಸಿಗುವುದಿಲ್ಲ. ಎರಡು ಮೂರು ದಿನದಲ್ಲಿ ತಲೆ ತಿರುಗುವುದು, ತಲೆಯೊಳಗೆ ಸಣ್ಣ ಕರೆಂಟು ಹೊಡೆದ ಹಾಗಾಗುವುದು, ಕಿರಿಕಿರಿ, ವಿಚಿತ್ರ ಕನಸು, ನಿದ್ದೆಗೇಡು ಶುರುವಾಗಬಹುದು. ಈಗ ಲೆಕ್ಕ ಹಾಕಿ. ಅವನು ಶಿಬಿರಕ್ಕೆ ಹೋಗುವ ದಿನ ಗುಳಿಗೆ ಬಿಟ್ಟರೆ ಇದೆಲ್ಲ ಏಳುವುದು ಮೂರನೇ ನಾಲ್ಕನೇ ದಿನ, ಮಾತಾಡುವಂತಿಲ್ಲ, ಫೋನ್ ಇಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಒಳಗಿನ ಹಳೆಯ ಕೊಳೆ ಮೇಲೆ ಬರುತ್ತಿದೆ, ಸಹಿಸಿಕೊಂಡು ಕೂರಬೇಕು ಅಂತ ಅವನು ತಿಳಿಯುತ್ತಾನೆ. ನಿಜಕ್ಕೂ ಅದು ಗುಳಿಗೆ ಬಿಟ್ಟದ್ದರ ತೊಂದರೆ. ಮೂಲ ಕಾಯಿಲೆ ತಿರುಗಿ ಬಂದರೂ ಅದಕ್ಕೆ ಅದೇ ಹೆಸರು ಬೀಳುತ್ತದೆ. ನನಗೆ ದೊಡ್ಡ ಹೆದರಿಕೆ ಇದೇ: ಚಿಕಿತ್ಸೆ ಬೇಕಾದ ಹೊತ್ತಿನಲ್ಲಿ ಅವನು ಅದನ್ನು ಸಾಧನೆ ಅಂದುಕೊಂಡು ಸುಮ್ನೆ ಕೂತುಬಿಡುವುದು. ಜೊತೆಗೆ ಕ್ಲೊನಾಜೆಪಾಮ್ ತರಹದ ನಿದ್ದೆಯ ಗುಳಿಗೆಯೂ ಇದೆಯಾ ನೋಡಿ. ಅದನ್ನು ಬಹಳ ದಿನ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು.

ಮತ್ತೆ ಏನು ಮಾಡಬಹುದು? ನನ್ನ ಮಗನಾಗಿದ್ದರೆ ನಾನು ಮಾಡುತ್ತಿದ್ದದ್ದನ್ನೇ ಹೇಳುತ್ತೇನೆ. ಗುಳಿಗೆ ಮುಂದುವರಿಯಲಿ, ಧ್ಯಾನವೂ ಶುರುವಾಗಲಿ, ದಿನಕ್ಕೆ ಹತ್ತು ಹದಿನೈದು ನಿಮಿಷ, ಹಾಸ್ಟೆಲ್ಲಿನಲ್ಲೇ. ಎರಡಕ್ಕೂ ಜಗಳ ಇಲ್ಲ. ಉಸಿರು ನೋಡುತ್ತಾ ಕೂತಾಗ ಕೆಲವರಿಗೆ ಎದೆಬಡಿತದ ಕಡೆಗೇ ಗಮನ ಹೋಗಿ ಹೆದರಿಕೆ ಏಳುತ್ತದೆ, ಈ ಕಾಯಿಲೆಯಲ್ಲಿ ಅದು ಸಾಮಾನ್ಯ. ಹಾಗಾದರೆ ಕಣ್ಣು ತೆರೆದು, ನಡೆಯುತ್ತಾ, ಪಾದದ ಮೇಲೆ ಗಮನ ಇಡಲಿ. ಜೊತೆಗೆ ಅವನ ವೈದ್ಯರನ್ನು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಬಗ್ಗೆ ಕೇಳಿ. ಇಂಥ ದಿಢೀರ್ ಹೆದರಿಕೆಗೆ ಔಷಧ ಬಿಟ್ಟರೆ ಹೆಚ್ಚು ಪುರಾವೆ ಇರುವುದು ಅದಕ್ಕೇ, ಧ್ಯಾನಕ್ಕಿಂತ ಜಾಸ್ತಿ.

ಗುಳಿಗೆ ಜೀವನವಿಡೀ ಬೇಕು ಅಂತ ನಾನು ಹೇಳುತ್ತಿಲ್ಲ. ಪೂರ್ತಿ ಆರಾಮಾದ ಮೇಲೆ ಕಡಿಮೆ ಅಂದರೂ ಆರು ತಿಂಗಳು, ಹೆಚ್ಚಾಗಿ ಒಂದು ವರ್ಷ ಮುಂದುವರಿಸುತ್ತೇವೆ. ನಿಮ್ಮ ಮಗ ಆರಾಮಾಗಿ ಮೂರು ತಿಂಗಳಾಗಿದೆ ಅಷ್ಟೇ. ಕೊನೆಯ ಪರೀಕ್ಷೆ ಮುಗಿದು, ಕೆಲಸದ ಓಡಾಟವೂ ಸ್ವಲ್ಪ ತಣ್ಣಗಾದ ಮೇಲೆ, ವಾರಗಟ್ಟಲೆ ಹೊತ್ತು ತೆಗೆದುಕೊಂಡು ಡಾಕ್ಟರ್ ಕಣ್ಣೆದುರೇ ಡೋಸ್ ಇಳಿಸಬೇಕು. ಬಿಟ್ಟ ಮೇಲೂ ಕೆಲವು ತಿಂಗಳು ಚೆನ್ನಾಗಿದ್ದರೆ ಆಮೇಲೆ 10 ದಿನದ ಶಿಬಿರಕ್ಕೆ ಹೋಗಲಿ, ನನ್ನ ಅಡ್ಡಿ ಇಲ್ಲ. ಕಾಯಿಲೆ ಮರುಕಳಿಸುವ ಸಾಧ್ಯತೆ ಆಗಲೂ ಇದ್ದೇ ಇರುತ್ತದೆ, ಆದರೆ ಆಗ ಅದನ್ನು ಗುರುತಿಸಲು ನಾವೆಲ್ಲ ಎಚ್ಚರವಾಗಿರುತ್ತೇವೆ.

ಅಷ್ಟು ದಿನ ಕಾಯುವುದಿಲ್ಲ ಅಂತ ಹಟ ಮಾಡಿದರೆ? ಗುಳಿಗೆ ತೆಗೆದುಕೊಳ್ಳುತ್ತಲೇ ಹೋಗಬಹುದಾ ಅಂತ ವೈದ್ಯರನ್ನು ಕೇಳಲಿ. ಶಿಬಿರದ ಫಾರ್ಮಿನಲ್ಲಿ ಕಾಯಿಲೆ, ಔಷಧ ಎರಡನ್ನೂ ಮುಚ್ಚಿಡದೆ ಬರೆಯಲಿ. ಅವರು ಬೇಡ ಅಂದರೆ ಅದನ್ನು ಒಪ್ಪಿಕೊಳ್ಳಲಿ, ಅವರು ಕೇಳುವುದಕ್ಕೆ ಕಾರಣ ಇದೆ. ಹೋದರೂ, ನಿದ್ದೆ ಎರಡು ರಾತ್ರಿ ಪೂರ್ತಿ ಹೋದರೆ, ಸಾಯುವ ಯೋಚನೆ ಬಂದರೆ, ತಾನು ತಾನಲ್ಲ ಅನ್ನಿಸಲು ಶುರುವಾದರೆ ಎದ್ದು ಬರುತ್ತೇನೆ ಅಂತ ಮೊದಲೇ ನಿಮಗೆ ಮಾತು ಕೊಡಲಿ. ಇದರಲ್ಲಿ ಅಪಾಯ ಇದೆ, ನಾನಾಗಿ ಇದನ್ನು ಹೇಳುವುದಿಲ್ಲ. ಆದರೆ ಗುಳಿಗೆ ಬಿಟ್ಟು, ಯಾರಿಗೂ ಹೇಳದೆ ಹೋಗುವುದಕ್ಕಿಂತ ಎಷ್ಟೋ ಮೇಲು. ಅಷ್ಟರೊಳಗೆ ರಾತ್ರಿ ಹೊತ್ತಿನಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಅವನ ಜೊತೆ ವಾದ ಗೆಲ್ಲಲು ಹೋಗಬೇಡಿ ಸರ್. ಒಂದು ಭಾನುವಾರ ಇಬ್ಬರೂ ಹುಬ್ಬಳ್ಳಿಯಿಂದ ಬಸ್ ಹತ್ತಿ, ಟಿಬೆಟಿಯನ್ನರು ನೆಲೆಸಿರುವ ಮುಂಡಗೋಡಕ್ಕೆ ಹೋಗಿ ಬನ್ನಿ. 2013ರ ಜನವರಿಯಲ್ಲಿ ಅಲ್ಲಿನ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಮತ್ತು ಹೊರದೇಶದ ವಿಜ್ಞಾನಿಗಳು ಸಾವಿರಾರು ಭಿಕ್ಷುಗಳ ಮುಂದೆ ಆರು ದಿನ ಕೂತು ಭೌತಶಾಸ್ತ್ರ, ಮೆದುಳು, ಪ್ರಜ್ಞೆಯ ಬಗ್ಗೆ ಚರ್ಚೆ ಮಾಡಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಬಂದು ಅಲ್ಲಿನ ಭಿಕ್ಷುಗಳಿಗೆ ಜೀವಶಾಸ್ತ್ರ, ಭೌತಶಾಸ್ತ್ರ ಕಲಿಸಿದ್ದಾರೆ. ಬೌದ್ಧಧರ್ಮ ಆಗಲೇ ವಿಜ್ಞಾನವಾಗಿದ್ದರೆ ಆ ಭಿಕ್ಷುಗಳು ಹೊಸದಾಗಿ ವಿಜ್ಞಾನ ಕಲಿಯಲು ಯಾಕೆ ಕೂರುತ್ತಿದ್ದರು ಅಂತ ಅಲ್ಲೇ ಅವನನ್ನು ಕೇಳಿ. ಉತ್ತರ ಅವನೇ ಹುಡುಕಲಿ.

ಇನ್ನು ನಿಮ್ಮ ಮನೆಯವರಿಗೆ ನನ್ನ ಕಡೆಯಿಂದ ಒಂದು ಮಾತು ತಲುಪಿಸಿ. ಆ ಶಿಬಿರಗಳಿಗೆ ಹೋದವರು ಹನ್ನೊಂದನೇ ದಿನ ಮನೆಗೆ ಬರುತ್ತಾರೆ, ಯಾರೂ ಅಲ್ಲಿ ಸನ್ಯಾಸ ಕೊಡುವುದಿಲ್ಲ. ಭಿಕ್ಷುವಾಗುವುದೂ ಅಷ್ಟು ಸುಲಭ ಅಲ್ಲ. ಬುದ್ಧನ ಮಗ ರಾಹುಲನಿಗೆ ಚಿಕ್ಕ ವಯಸ್ಸಿನಲ್ಲೇ ದೀಕ್ಷೆ ಆದಾಗ ಅಜ್ಜ ಶುದ್ಧೋದನ ಬಂದು, ಮಗ ಹೋದ ಸಂಕಟವೇ ಆರಿರಲಿಲ್ಲ, ಈಗ ಮೊಮ್ಮಗನೂ ಹೋದ, ಇನ್ನು ಮುಂದೆ ತಂದೆತಾಯಿ ಒಪ್ಪದೆ ಯಾರ ಮಗನಿಗೂ ದೀಕ್ಷೆ ಕೊಡಬೇಡ ಅಂತ ಬೇಡಿಕೊಂಡ. ಬುದ್ಧ ಅದನ್ನು ಒಪ್ಪಿ ನಿಯಮ ಮಾಡಿದ. ಆ ನಿಯಮ ಸಂಘದಲ್ಲಿ ಇವತ್ತಿಗೂ ಇದೆ.